ಕೊಳ್ಳುವವರು ಮತ್ತು ಬಳಸುವವರು: ವೆಬ್ ಆಧಾರಿತ ವ್ಯವಹಾರ ತಂತ್ರಾಂಶ ಸರಳವಾದ ಬಗೆ

ವ್ಯವಹಾರ ತಂತ್ರಾಂಶದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ತಂತ್ರಜ್ಞಾನದ ಜಾಡನ್ನೇ ಹಿಡಿಯುತ್ತಾರೆ: ಬ್ರೌಸರ್ ಬಂತು, ಜಾವಾಸ್ಕ್ರಿಪ್ಟ್ ಬಂತು, ಮೊಬೈಲ್ ಬಂತು, ಎಲ್ಲವೂ ಸಲೀಸಾಯಿತು. ಈ ನಿರೂಪಣೆ ಅಪೂರ್ಣ. ತಂತ್ರಾಂಶಕ್ಕೆ ದುಡ್ಡು ಕೊಡುವವರು ಒಬ್ಬರು, ಅದರ ಮುಂದೆ ದಿನವಿಡೀ ಕೂರುವವರು ಇನ್ನೊಬ್ಬರು ಆಗಿದ್ದಷ್ಟು ಕಾಲ ಸರಳತೆಗೆ ಯಾರ ಒತ್ತಾಯವೂ ಇರಲಿಲ್ಲ ಎಂಬುದು ಈ ಲೇಖನದ ವಾದ.

1992ರಲ್ಲಿ ಜರ್ಮನಿಯ ಎಸ್‌ಎಪಿ ಕಂಪನಿ ಆರ್/3 ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಗಿರಾಕಿಯ ಆರ್ಡರ್ ದಾಖಲಿಸಲು ‘ವಿಎ01’ ಎಂಬ ಸಂಕೇತ ಒತ್ತಬೇಕಿತ್ತು. ಒಂದೊಂದು ಕೆಲಸಕ್ಕೂ ಇಂಥದೇ ಒಂದೊಂದು ಸಂಕೇತ. ಕೊಳ್ಳುವ ತೀರ್ಮಾನ ಆಡಳಿತ ವರ್ಗದ್ದು, ಸಂಕೇತಗಳನ್ನು ಬಾಯಿಪಾಠ ಮಾಡುವ ಪಾಡು ಗುಮಾಸ್ತರದ್ದು. ಲೈಸೆನ್ಸಿನ ಹಣ ಮೊದಲೇ ಸಂದಾಯವಾಗುತ್ತಿದ್ದುದರಿಂದ ಗುಮಾಸ್ತರ ಗೊಣಗಾಟ ಮಾರಿದವರ ಆದಾಯಕ್ಕೆ ತಟ್ಟುತ್ತಿರಲಿಲ್ಲ.

ಈ ವಾದಕ್ಕೆ ಬಲವಾದ ಪುರಾವೆ ಬೆಂಗಳೂರಿನಲ್ಲೇ ಇದೆ, ಅದೂ ವೆಬ್‌ಗಿಂತ ಹಿಂದಿನದು. ಬಿಡಿಭಾಗಗಳ ವ್ಯಾಪಾರದಲ್ಲಿದ್ದ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗದೆ ಮಗ ಭರತ್ ಗೋಯೆಂಕಾ ಅವರಿಂದಲೇ ಅದನ್ನು ಬರೆಸಿದರು. ಮುಂದೆ ‘ಟ್ಯಾಲಿ’ ಎಂದು ಹೆಸರಾದ ಈ ಉದ್ಯಮ ಶುರುವಾದದ್ದು 1986ರಲ್ಲಿ. ಖಾತೆಗೆ ಅಂಕಿಯ ಸಂಕೇತ ಬೇಡ, ಹೆಸರು ಟೈಪ್ ಮಾಡಿದರೆ ಸಾಕು ಎಂಬುದೇ ಅದರ ಹೆಗ್ಗಳಿಕೆ. ಇಲ್ಲಿ ಕೊಳ್ಳುವವರೂ ಲೆಕ್ಕ ನೋಡುವವರೂ ಬಹುಮಟ್ಟಿಗೆ ಒಂದೇ ಅಂಗಡಿಯವರು. ಕಷ್ಟವೆನಿಸಿದರೆ ಅವರು ಕೆಂಪು ರಟ್ಟಿನ ಖಾತೆ ಪುಸ್ತಕಕ್ಕೆ ಮರಳುತ್ತಿದ್ದರು, ಅಷ್ಟೇ.

ವೆಬ್‌ನ ಮೊದಲ ಹಂತ, ನನ್ನ ದೃಷ್ಟಿಯಲ್ಲಿ, ಹಿನ್ನಡೆಯೇ. 1971ರ ಐಬಿಎಂ 3270 ಟರ್ಮಿನಲ್ಲಿನಲ್ಲಿ ಇಡೀ ಪರದೆ ತುಂಬಿ, ಎಂಟರ್ ಒತ್ತಿ, ಉತ್ತರಕ್ಕೆ ಕಾಯಬೇಕಿತ್ತು. 1995ರ ಎಚ್‌ಟಿಎಂಎಲ್ 2.0ರ ಫಾರಂಗಳು ನಡೆದದ್ದೂ ಹಾಗೆಯೇ. ಒಂದು ಅಂಕಿ ತಪ್ಪಿದರೂ ಪುಟವೆಲ್ಲ ಮತ್ತೆ ಬರಬೇಕು. 2000ದಲ್ಲಿ ಬಂದ ಪೀಪಲ್‌ಸಾಫ್ಟ್ 8 ಎಂಬ ವ್ಯವಹಾರ ತಂತ್ರಾಂಶ ಪೂರ್ತಿಯಾಗಿ ಬ್ರೌಸರ್‌ನಲ್ಲೇ ನಡೆಯಿತು. ಒಂದೊಂದು ಮೇಜಿನ ಕಂಪ್ಯೂಟರಿಗೂ ತಂತ್ರಾಂಶ ಹಾಕುವ ಶ್ರಮ ಅದರಿಂದ ಉಳಿಯಿತು, ನಿಜ. ಆ ಲಾಭ ಮೊದಲು ಸೇರಿದ್ದು ಕಂಪ್ಯೂಟರ್ ವಿಭಾಗಕ್ಕೆ.

ನಿಜವಾದ ತಿರುವು ಚಿಕ್ಕ ಜಾಗದಲ್ಲಿ ಸಿಗುತ್ತದೆ. 1995ರಲ್ಲಿ ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ ಕಟ್ಟಿದ ವಯಾವೆಬ್, ವರ್ತಕರು ಬ್ರೌಸರ್‌ನಲ್ಲೇ ತಮ್ಮ ಆನ್‌ಲೈನ್ ಅಂಗಡಿ ರೂಪಿಸಿಕೊಳ್ಳಲು ಮಾಡಿದ ತಂತ್ರಾಂಶ. 1998ರಲ್ಲಿ ಯಾಹೂ ಅದನ್ನು ಕೊಂಡಿತು. ತಂತ್ರಾಂಶ ತಯಾರಕರದೇ ಸರ್ವರ್‌ನಲ್ಲಿದ್ದುದರಿಂದ, ಗ್ರಾಹಕರು ಎಲ್ಲಿ ಎಡವುತ್ತಾರೆಂದು ಅವರಿಗೆ ಕಾಣುತ್ತಿತ್ತು. ಕಂಡದ್ದನ್ನು ಅಂದೇ ತಿದ್ದಲೂ ಆಗುತ್ತಿತ್ತು. ಸಿ.ಡಿ.ಯಲ್ಲಿ ತಂತ್ರಾಂಶ ಮಾರುತ್ತಿದ್ದವರಿಗೆ ಇವೆರಡೂ ದಕ್ಕಿರಲಿಲ್ಲ.

1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರಾಟ ವಿಭಾಗಗಳಿಗೆ ತಂತ್ರಾಂಶ ಒದಗಿಸುವ ಸೇಲ್ಸ್‌ಫೋರ್ಸ್ ಕಂಪನಿ ಆರಂಭಿಸಿದ ಮಾರ್ಕ್ ಬೆನಿಯಾಫ್ ಮಾದರಿಯಾಗಿ ಇಟ್ಟುಕೊಂಡದ್ದು ಅಮೆಜಾನ್ ಪುಸ್ತಕದಂಗಡಿಯನ್ನು. ಅಲ್ಲಿದ್ದಂಥ ಟ್ಯಾಬ್‌ಗಳೇ ಇಲ್ಲಿಯೂ ಬಂದವು. ಆದರೆ ಟ್ಯಾಬ್‌ಗಳಿಗಿಂತ ದೊಡ್ಡ ಬದಲಾವಣೆ ಹಣ ಪಡೆಯುವ ಕ್ರಮದಲ್ಲಿತ್ತು: ತಲೆಗೆ ಇಷ್ಟು ಎಂಬ ಚಂದಾ. ಮಾರಾಟ ಪ್ರತಿನಿಧಿಗಳು ಬಳಸದೆ ಬಿಟ್ಟರೆ ಚಂದಾ ನವೀಕರಣ ನಿಲ್ಲುತ್ತದೆ. ಬಳಸುವವರ ಬೇಸರ ಇಲ್ಲಿ ಮಾರುವವರ ನಷ್ಟವೂ ಆಯಿತು.

ತಂತ್ರಜ್ಞಾನ ಇಲ್ಲಿ ಹಿಂದೆಯೇ ಉಳಿದಿತ್ತೇ? ಇಲ್ಲ, ಕೈಯಲ್ಲೇ ಇತ್ತು. ಪುಟವನ್ನು ಪೂರ್ತಿ ಮರಳಿ ತರಿಸದೆ ಬೇಕಾದ ಮಾಹಿತಿಯಷ್ಟನ್ನೇ ತರಿಸುವ ತಂತ್ರವನ್ನು ಮೈಕ್ರೋಸಾಫ್ಟ್ ಕಚೇರಿಯ ಇ-ಮೇಲ್‌ಗಾಗಿ ರೂಪಿಸಿ 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಸೇರಿಸಿತ್ತು. ಅದರ ಶಕ್ತಿ ಜನಸಾಮಾನ್ಯರಿಗೆ ಅನುಭವಕ್ಕೆ ಬಂದದ್ದು 2004ರ ಜಿ-ಮೇಲ್, 2005ರ ಗೂಗಲ್ ಮ್ಯಾಪ್ಸ್‌ನಿಂದ. ‘ಅಜಾಕ್ಸ್’ ಎಂದು ಜೆಸ್ಸಿ ಜೇಮ್ಸ್ ಗ್ಯಾರೆಟ್ ನಾಮಕರಣ ಮಾಡಿದ್ದೂ 2005ರಲ್ಲೇ. ಕಚೇರಿಗೆಂದು ಹುಟ್ಟಿದ ಸೌಕರ್ಯ ಮನೆಮಂದಿಯ ಕೈಸೇರಿ, ಅಲ್ಲಿಂದ ನಿರೀಕ್ಷೆಯಾಗಿ ಕಚೇರಿಗೆ ಮರಳಿತು.

ಎಸ್‌ಎಪಿ ಹೊಸ ಕಾಲಕ್ಕೆ ಒಗ್ಗಿಕೊಂಡ ಬಗೆ ಬೋಧಪ್ರದ. 2013ರಲ್ಲಿ ಅದು ಫೋನಿನಲ್ಲೂ ನಡೆಯುವ ‘ಫಿಯೋರಿ’ ಪರದೆಗಳನ್ನು ಪ್ರಕಟಿಸಿ, ಅವಕ್ಕೆ ಬೇರೆಯೇ ಬೆಲೆ ಇಟ್ಟಿತು. ದುಬಾರಿ ತಂತ್ರಾಂಶ ಕೊಂಡ ಮೇಲೆ ಅದನ್ನು ಬಳಸಬಲ್ಲಂತೆ ಮಾಡಲು ಮತ್ತೆ ದುಡ್ಡೇ ಎಂದು ಗ್ರಾಹಕರು ಆಕ್ಷೇಪಿಸಿದರು. 2014ರಲ್ಲಿ ಕಂಪನಿ ಆ ಶುಲ್ಕವನ್ನು ಕೈಬಿಟ್ಟಿತು.

ಹಳೆಯ ಕೈಗಳಿಗೆ ಈ ಸರಳತೆ ಎಷ್ಟು ದಕ್ಕಿದೆ ಎಂಬುದು ಬೇರೆ ಪ್ರಶ್ನೆ. 1998ರ ಐಎಸ್‌ಒ 9241-11 ಮಾನದಂಡ ಬಳಕೆಯ ಸುಲಭತೆಯನ್ನು ಪರಿಣಾಮಕಾರಿತ್ವ, ದಕ್ಷತೆ, ತೃಪ್ತಿ ಎಂಬ ಮೂರು ಅಳತೆಗಳಲ್ಲಿ ನೋಡುತ್ತದೆ. ಇಂಥ ಬಳಕೆದಾರರು, ಇಂಥ ಕೆಲಸ ಎಂದು ಮೊದಲೇ ಗೊತ್ತುಪಡಿಸಬೇಕು ಎಂಬ ಷರತ್ತೂ ಅದರಲ್ಲಿದೆ. ಎಫ್5 ಒತ್ತಿ ಪಾವತಿ, ಎಫ್6 ಒತ್ತಿ ರಸೀತಿ ಬರೆಯುವ ಟ್ಯಾಲಿ ಗುಮಾಸ್ತರಿಗೆ ಮೌಸ್ ಹಿಡಿದು ಚಿತ್ರ ಹುಡುಕುವುದು ವಿಳಂಬವೇ. ಫಿಯೋರಿ ಬಂದ ಮೇಲೂ ಎಸ್‌ಎಪಿ ತನ್ನ ಹಳೆಯ ಸಂಕೇತಗಳನ್ನು ಕಿತ್ತುಹಾಕಲಿಲ್ಲ. ವಿಎ01 ಈಗ ಬ್ರೌಸರ್‌ನಲ್ಲೂ ತೆರೆದುಕೊಳ್ಳುತ್ತದೆ.