ಚಿಕ್ಕ ಆಂಟೆನಾದ ಇಕ್ಕಟ್ಟು

ಸ್ವೀಡನ್ ದೇಶದ ಗ್ರಿಮೆಟನ್ ಎಂಬಲ್ಲಿ ಆರು ಉಕ್ಕಿನ ಗೋಪುರಗಳು ಸಾಲಾಗಿ ನಿಂತಿವೆ. ಒಂದೊಂದರ ಎತ್ತರ 127 ಮೀಟರು. ಅಟ್ಲಾಂಟಿಕ್ ಸಾಗರದಾಚೆಗೆ ನಿಸ್ತಂತು ವಾರ್ತೆ ಕಳುಹಿಸಲೆಂದು 1920ರ ದಶಕದಲ್ಲಿ ಕಟ್ಟಿದ ನಿಲಯವಿದು. ಈ ಗೋಪುರಗಳು ಹೊತ್ತ ಆಂಟೆನಾ 'ಚಿಕ್ಕದು' ಎಂದರೆ ಕೇಳುವವರಿಗೆ ಸೋಜಿಗವಾದೀತು. ಆದರೆ ಅಲ್ಲಿಂದ ಹೊರಡುವ 17.2 ಕಿಲೋಹರ್ಟ್ಸ್ ಅಲೆಯ ಉದ್ದವೇ ಸುಮಾರು ಹದಿನೇಳೂವರೆ ಕಿಲೋಮೀಟರು. ಆಂಟೆನಾದ ದೊಡ್ಡತನವನ್ನು ಅಳೆಯುವ ಕೋಲು ಅಲೆಯೇ ಹೊರತು ನಮ್ಮ ಕಣ್ಣಲ್ಲ.

ಚಿಕ್ಕ ಆಂಟೆನಾ ಸ್ವಭಾವತಃ ಜಿಪುಣ. ಅದು ತನ್ನ ಸುತ್ತ ಬಹಳ ಶಕ್ತಿಯನ್ನು ಕೂಡಿಟ್ಟುಕೊಂಡು, ಪ್ರತಿ ಆವರ್ತನದಲ್ಲಿಯೂ ಅತ್ಯಲ್ಪವನ್ನು ಮಾತ್ರ ಹೊರಕ್ಕೆ ಬಿಡುತ್ತದೆ. ಭಾರವಾದ ಉಯ್ಯಾಲೆಯಂತೆ ಅದಕ್ಕೆ ಜೀಕು ಹಿಡಿಯಲೂ ಹೊತ್ತು ಬೇಕು, ನಿಲ್ಲಲೂ ಹೊತ್ತು ಬೇಕು. ಸಂದೇಶವೆಂದರೆ ಬದಲಾವಣೆ; ಬೇಗ ಬದಲಾಗದ ಆಂಟೆನಾ ಬೇಗ ಮಾತನಾಡಲಾರದು. ಅದರ ಆವರ್ತಾಂಕದ ಪಟ್ಟಿ ಇಕ್ಕಟ್ಟಾಗಿರುವುದೆಂದರೆ ಇದೇ.

1947ರಲ್ಲಿ ಹೆರಾಲ್ಡ್ ವ್ಹೀಲರ್, 1948ರಲ್ಲಿ ಲಾನ್ ಜೆನ್ ಚು ಈ ಇಕ್ಕಟ್ಟನ್ನು ಗಣಿತಕ್ಕೆ ಒಳಪಡಿಸಿದರು. ನಷ್ಟವಿಲ್ಲದ ಅತಿ ಚಿಕ್ಕ ಆಂಟೆನಾದ ಗಾತ್ರವನ್ನು ಅರ್ಧಕ್ಕಿಳಿಸಿದರೆ ಪಟ್ಟಿಯ ಅಗಲ ಎಂಟನೆಯ ಒಂದು ಭಾಗದಷ್ಟಕ್ಕೆ ಕುಗ್ಗುತ್ತದೆ. ಸುರುಳಿ, ಧಾರಕಗಳನ್ನು ಎಷ್ಟೇ ಜಾಣತನದಿಂದ ಜೋಡಿಸಿದರೂ ದಾಟಲಾಗದ ಎಲ್ಲೆಯೊಂದಿದೆ ಎಂಬುದನ್ನು ಬೋಡ್ ಮತ್ತು ಫ್ಯಾನೊ ಅವರ ಸಿದ್ಧಾಂತ ತೋರಿಸಿತು. ರೋಧಕವನ್ನು ಸೇರಿಸಿದರೆ ಪಟ್ಟಿ ಅಗಲವಾಗುವುದು ನಿಜ. ಆದರೆ ಶಕ್ತಿ ವೃಥಾ ಶಾಖವಾಗಿ ಹೋಗುತ್ತದೆ.

ಇದು ಕೇವಲ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಸಾಮಾನ್ಯ ರೇಡಿಯೋ ಅಲೆಗಳು ಸಮುದ್ರದ ಉಪ್ಪುನೀರಿನಲ್ಲಿ ಬಹು ಬೇಗ ಅಡಗುತ್ತವೆ. ಅತಿ ದೀರ್ಘವಾದವು ಮಾತ್ರ ಹಲವು ಮೀಟರು ಆಳಕ್ಕೆ ಇಳಿಯುತ್ತವೆ. ಮುಳುಗಿರುವ ಜಲಾಂತರ್ಗಾಮಿಗೆ ಆಜ್ಞೆ ತಲಪಬೇಕಾದರೆ ಇವೇ ಗತಿ. ನಮ್ಮ ನೌಕಾಪಡೆಯೂ 1990ರಲ್ಲಿ ತಿರುನೆಲ್ವೇಲಿಯ ಬಳಿ ಇಂಥ ನಿಲಯವೊಂದನ್ನು ತೆರೆಯಿತು. ತುರ್ತು ಗಳಿಗೆಯಲ್ಲಿ ಸಂದೇಶ ತೆವಳುತ್ತ ಹೋಗುವುದನ್ನು ಯಾವ ಸೇನಾನಿ ಸಹಿಸಿಯಾನು?

ಬಿಡುಗಡೆಯ ದಾರಿ ಆ ನಿಯಮದ ಷರತ್ತಿನಲ್ಲಿಯೇ ಇತ್ತು. ಮಂಡಲದ ಅಂಗಗಳು ಕಾಲದೊಡನೆ ಬದಲಾಗವು ಎಂದು ಆ ಗಣಿತ ಭಾವಿಸಿತ್ತು. ಅವು ಬದಲಾದರೆ? 1950ರ ದಶಕದಲ್ಲಿಯೇ ಇಂಜಿನಿಯರುಗಳು ಈ ಜಾಡು ಹಿಡಿದರು. ಸುರುಳಿಯ ಕಬ್ಬಿಣಾಂಶದ ತಿರುಳನ್ನು ಇನ್ನೊಂದು ವಿದ್ಯುತ್ತಿನಿಂದ ಕಾಂತತೃಪ್ತಿಯತ್ತ ಒಯ್ದರೆ ಸುರುಳಿಯ ಗುಣವೇ ಬದಲಾಗುತ್ತದೆ. ಅದರೊಡನೆ ಆಂಟೆನಾದ ಶ್ರುತಿಯೂ ಬದಲಾಗುತ್ತದೆ. ಉಯ್ಯಾಲೆಯನ್ನು ನಿಲ್ಲಿಸದೆ, ತೂಗುತ್ತಿರುವಾಗಲೇ ಹಗ್ಗದ ಉದ್ದವನ್ನು ಬದಲಿಸಿದಂತೆ ಇದು. ಧಾರಕವನ್ನು ಸೇರಿಸುವುದಾದರೆ ವಿದ್ಯುದ್ವಿಭವ ಸೊನ್ನೆಯಾದ ಕ್ಷಣವನ್ನೇ ಆರಿಸಬೇಕು; ಆಗ ಶಕ್ತಿಯೆಲ್ಲ ಸುರುಳಿಯಲ್ಲಿರುವುದರಿಂದ ನಷ್ಟವಿಲ್ಲ. ಕೂಡಿಟ್ಟ ಶಕ್ತಿ ಹೊಸ ಆವರ್ತಾಂಕದಲ್ಲಿ ತನ್ನ ಆಟವನ್ನು ಮುಂದುವರಿಸುತ್ತದೆ.

2019ರಲ್ಲಿ ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದವರು ಸುಮಾರು ಹತ್ತು ಸೆಂಟಿಮೀಟರಿನ ಲಿಥಿಯಂ ನಯೋಬೇಟ್ ಹರಳನ್ನೇ ಆಂಟೆನಾ ಮಾಡಿ, ಅದರ ಅನುರಣನವನ್ನು ಕ್ಷಣಕ್ಷಣಕ್ಕೂ ಬದಲಿಸಿ, ಬೋಡ್-ಫ್ಯಾನೊ ಎಲ್ಲೆಗಿಂತ 83 ಪಟ್ಟಿಗೂ ಮೀರಿದ ಅಗಲವನ್ನು ತೋರಿಸಿದರು.

ಇದರಿಂದ ಪ್ರಕೃತಿಯ ನಿಯಮ ಮುರಿಯಿತೆಂದಲ್ಲ. ಹರಳಿನಿಂದ ಹೊರಡುವ ಅಲೆ ಇನ್ನೂ ಕ್ಷೀಣವೇ. ದೊಡ್ಡ ನಿಲಯಗಳಲ್ಲಿ ಅಪಾರ ವಿಭವವನ್ನು ತಾಳಬಲ್ಲ ಸ್ವಿಚ್ಚುಗಳೂ ಬೇಕು. ಮುರಿದದ್ದು ನಿಯಮವನ್ನು ಅದರ ಷರತ್ತಿನಿಂದ ಬೇರೆಮಾಡಿ ಓದುವ ನಮ್ಮ ರೂಢಿ ಮಾತ್ರ.