ಪೋರ್ತುಗೀಜ ಸಾಮ್ರಾಜ್ಯವೂ ಸಾಮರಸ್ಯವಾದವೂ

ಬ್ರೆಜಿಲ್ ದೇಶದ ರೆಸೀಫೆ ಪಟ್ಟಣದಲ್ಲಿ 1900ರಲ್ಲಿ ಜನಿಸಿದ ಗಿಲ್ಬರ್ತೊ ಫ್ರೇರೆ ಎಂಬ ಸಮಾಜಶಾಸ್ತ್ರಜ್ಞನು 1933ರಲ್ಲಿ ಒಂದು ಮಹಾಗ್ರಂಥವನ್ನು ಪ್ರಕಟಿಸಿದನು. 'ಕಾಜಾ-ಗ್ರಾಂಡೆ ಇ ಸೆಂಜಾಲಾ' ಎಂದು ಅದರ ಹೆಸರು. ಎಂದರೆ, ಒಡೆಯನ ದೊಡ್ಡ ಮನೆಯೂ ಗುಲಾಮರ ಬಿಡಾರವೂ. 40 ಲಕ್ಷಕ್ಕೂ ಮಿಕ್ಕ ಆಫ್ರಿಕದ ಜನರನ್ನು ಹಡಗುಗಳಲ್ಲಿ ತುಂಬಿ ತಂದು, 1888ರವರೆಗೂ ದಾಸ್ಯವನ್ನು ನಡೆಯಿಸಿದ ಆ ದೇಶದಲ್ಲಿ, ರಕ್ತಸಂಕರದಿಂದಲೇ ನಾಡು ಕೆಟ್ಟಿತೆಂದು ಅನೇಕ ಪಂಡಿತರು ನಂಬಿದ್ದ ಕಾಲವದು. ಬ್ರೆಜಿಲಿನ ಊಟ, ಹಾಡು, ನುಡಿ, ಭಕ್ತಿಗಳೆಲ್ಲವೂ ಆಫ್ರಿಕದವರಿಗೆ ಋಣಿಯಾಗಿವೆಯೆಂದು ಫ್ರೇರೆಯು ಸಾರಿದನು. ಅಷ್ಟರಮಟ್ಟಿಗೆ ಅದು ಧೀರವಾದ ಮಾತೇ ಸರಿ.

ಆದರೆ ಪೋರ್ತುಗೀಜನು ಸ್ವಭಾವತಃ ವರ್ಣದ್ವೇಷವಿಲ್ಲದವನು, ಉಷ್ಣದೇಶಗಳ ಜನರೊಡನೆ ಬೆರೆತು ಬಾಳಬಲ್ಲವನು ಎಂಬ ಭಾವವೂ ಆ ಗ್ರಂಥದಲ್ಲಿಯೇ ಅಡಗಿದ್ದಿತು. ಲಿಸ್ಬನ್ನಿನ ಸಲಜಾರನ ಸರಕಾರಕ್ಕೆ ಮೊದಲು ಇದು ರುಚಿಸಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ವಸಾಹತುಗಳನ್ನು ಬಿಡಬೇಕೆಂಬ ಕೂಗೆದ್ದಾಗ ಅದರ ಬೆಲೆ ತಿಳಿಯಿತು. 1951ರಲ್ಲಿ ರಾಜ್ಯಾಂಗವನ್ನು ತಿದ್ದಿ, ವಸಾಹತುಗಳಿಗೆ 'ಸಾಗರೋತ್ತರ ಪ್ರಾಂತಗಳು' ಎಂದು ಹೆಸರಿಟ್ಟರು. ಅದೇ ವರ್ಷ ಫ್ರೇರೆಯನ್ನು ಅತಿಥಿಯಾಗಿ ಕರೆದು ಆ ಪ್ರಾಂತಗಳಲ್ಲಿ ಸಂಚಾರ ಮಾಡಿಸಿದರು. ನವೆಂಬರಿನಲ್ಲಿ ಗೋವೆಯ ವಾಸ್ಕೊ ಡ ಗಾಮಾ ಸಂಸ್ಥೆಯಲ್ಲಿ ಮಾಡಿದ ಉಪನ್ಯಾಸದಲ್ಲಿ ಈತನು 'ಲೂಸೋ-ಉಷ್ಣವಲಯ' ಸಂಸ್ಕೃತಿ, ಎಂದರೆ ಪೋರ್ತುಗೀಜರೂ ಉಷ್ಣದೇಶದವರೂ ಕೂಡಿ ಬೆಳೆಯಿಸಿದ ಸಂಸ್ಕೃತಿ, ಎಂಬ ಮಾತನ್ನು ಮುಂದಿಟ್ಟನು. ಕೊಂಕಣಿಯನ್ನು ಮೂರು ವರ್ಷದೊಳಗೆ ತೊರೆಯಬೇಕೆಂದು 1684ರಲ್ಲಿ ಆಜ್ಞೆ ಹೊರಟಿದ್ದುದೂ ಅದೇ ಗೋವೆಯಿಂದ! ಅಲ್ಲಿಂದ ನೆಲೆತಪ್ಪಿ ಬಂದವರ ಸಂತತಿಯು ಕನ್ನಡ ಕರಾವಳಿಯಲ್ಲಿ ಇಂದಿಗೂ ಕೊಂಕಣಿಯನ್ನಾಡುತ್ತಿದೆ.

ಕಾನೂನಾದರೋ ಬೇರೆಯೇ ಕಥೆಯನ್ನು ಹೇಳುತ್ತಿದ್ದಿತು. ಅಂಗೋಲ, ಮೊಜಾಂಬಿಕ್, ಗಿನಿಗಳಲ್ಲಿ ಆಫ್ರಿಕದವನು ಹುಟ್ಟಿನಿಂದ 'ಇಂಡಿಜೆನ', ಪೌರಹಕ್ಕಿಲ್ಲದವನು. ಪೋರ್ತುಗೀಜ ನುಡಿಯನ್ನು ತಪ್ಪಿಲ್ಲದೆ ಆಡಿ, ಸಂಪಾದನೆಯನ್ನೂ ನಡತೆಯನ್ನೂ ರುಜುಪಡಿಸಿದವನಿಗಷ್ಟೇ ಪೌರತ್ವ. 1950ರ ಜನಗಣತಿಯಂತೆ ಅಂಗೋಲದ ಆಫ್ರಿಕನರಲ್ಲಿ ಆ ಪದವಿಯನ್ನು ಪಡೆದವರು ನೂರಕ್ಕೊಬ್ಬರೂ ಇರಲಿಲ್ಲ.

ಅಂಗೋಲದ ಮಾರಿಯೊ ಪಿಂಟೊ ದೆ ಆಂದ್ರಾದೆಯು 1955ರಲ್ಲಿ ಪ್ಯಾರಿಸ್ಸಿನ 'ಪ್ರೆಜಾಂಸ್ ಆಫ್ರಿಕೇನ್' ಪತ್ರಿಕೆಯಲ್ಲಿ ಗುಪ್ತನಾಮದಿಂದ ಈ ವಾದವನ್ನು ಖಂಡಿಸಿದನು. ಕೇಪ್ ವರ್ದೆಯ ಬಾಲ್ತಜಾರ್ ಲೋಪೆಸನ ಉತ್ತರದಲ್ಲಿ ನೋವೂ ಬೆರೆತಿದ್ದಿತು. ಈತನೂ ಈತನ ಗೆಳೆಯರೂ ಫ್ರೇರೆಯ ಗ್ರಂಥದಲ್ಲಿ ತಮ್ಮ ದ್ವೀಪಗಳ ಬಾಳನ್ನೇ ಕಂಡು ಆದರಿಸಿದ್ದವರು. ದ್ವೀಪಗಳಿಗೆ ಬಂದ ಫ್ರೇರೆಯು ಅಲ್ಲಿಯ ಕ್ರಿಯೋಲ್ ನುಡಿಯನ್ನು ಹಳಿದನು. ಬೆರಕೆಯನ್ನು ಹೊಗಳಿದ ಪಂಡಿತನಿಗೆ ಬೆರಕೆಯ ಮಾತು ಕಿವಿಗೆ ಹಿತವಾಗಲಿಲ್ಲ! ಲೋಪೆಸನು ರೇಡಿಯೋ ಭಾಷಣಗಳಲ್ಲಿ ಉತ್ತರಕೊಟ್ಟು 1956ರಲ್ಲಿ ಅವುಗಳನ್ನು ಅಚ್ಚುಹಾಕಿಸಿದನು. ಮರುವರ್ಷ ಕ್ರಿಯೋಲ್ ನುಡಿಯನ್ನು ಕುರಿತೇ ಶಾಸ್ತ್ರಗ್ರಂಥವನ್ನು ಹೊರತಂದನು.

1961ರಲ್ಲಿ ಅಂಗೋಲವು ದಂಗೆಯೆದ್ದ ಮೇಲೆ 'ಇಂಡಿಜೆನ' ಶಾಸನವು ರದ್ದಾಯಿತು. ಅದೇ ಡಿಸೆಂಬರಿನಲ್ಲಿ ಗೋವೆಯು ಭಾರತವನ್ನು ಸೇರಿತು. ಬ್ರೆಜಿಲಿನಲ್ಲಿ 2003ರ ಕಾನೂನು ಆಫ್ರಿಕದ ಇತಿಹಾಸವನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಿತು. ಓಡಿಹೋದ ಗುಲಾಮರ ನಾಯಕನಾಗಿದ್ದು 1695ರಲ್ಲಿ ಹತನಾದ ಜುಂಬಿಯ ಮರಣದಿನವಾದ ನವೆಂಬರ್ 20, 2023ರ ಶಾಸನದಿಂದ ಆ ದೇಶದ ರಾಷ್ಟ್ರೀಯ ರಜಾದಿನವಾಯಿತು.