ಡಿಜಿಟಲ್ ಮಲ್ಟಿಮೀಟರ್: ವಿದ್ಯುತ್ ಮಾಪನದ ಚರಿತ್ರೆ

ಡಿಜಿಟಲ್ ಮಲ್ಟಿಮೀಟರ್ ಎಂಬುದು ವಿದ್ಯುತ್ ಮಂಡಲದ ವೋಲ್ಟೇಜ್, ಪ್ರವಾಹ, ರೋಧ ಈ ಮೂರನ್ನೂ ಅಳೆದು ಫಲಿತವನ್ನು ಅಂಕಿಗಳಲ್ಲಿ ತೋರಿಸುವ ಉಪಕರಣ. ಡಯೋಡ್ ಪರೀಕ್ಷೆ, ಆವರ್ತನ, ಧಾರಕತೆ, ಉಷ್ಣತೆಗಳ ಮಾಪನವನ್ನೂ ಇಂದಿನ ಅನೇಕ ಮಾದರಿಗಳು ಒಳಗೊಂಡಿವೆ. ಮುಳ್ಳಿನಿಂದ ಅಂಕಿಗೆ ಬಂದ ದಾರಿಯೆಂದು ಇದರ ಚರಿತ್ರೆಯನ್ನು ಹೇಳುವುದು ವಾಡಿಕೆ. ಆ ವಿವರಣೆ ಹೊರನೋಟಕ್ಕೆ ಸರಿ, ಆದರೆ ಮುಖ್ಯವಾದುದನ್ನು ಬಿಟ್ಟುಬಿಡುತ್ತದೆ. ಮೀಟರನ್ನು ಜೋಡಿಸಿದ ಕ್ಷಣದಿಂದ ಅದೂ ಮಂಡಲದ ಒಂದು ಅಂಗ. ಅದರ ಮೂಲಕ ಹರಿಯುವ ಪ್ರವಾಹ, ಎಷ್ಟೇ ಅಲ್ಪವಾಗಿರಲಿ, ಅಳೆಯಬೇಕಾದ ಮಂಡಲದಿಂದಲೇ ಬರಬೇಕು. ಹಾಗಾಗಿ ಅಳೆಯುವ ಕ್ರಿಯೆಯೇ ಅಳತೆಯನ್ನು ಅಷ್ಟಿಷ್ಟು ಕೆಡಿಸುತ್ತದೆ. ಮಂಡಲದ ಮೇಲೆ ಮೀಟರ್ ಹೇರುವ ಈ ಹೊರೆಯನ್ನು ಇಳಿಸುತ್ತಾ ಬಂದ ಒಂದೂವರೆ ಶತಮಾನದ ಪ್ರಯತ್ನವೇ ಮಲ್ಟಿಮೀಟರಿನ ನಿಜವಾದ ಚರಿತ್ರೆ. ಅಂಕಿಗಳು ಆ ಪ್ರಯತ್ನದ ಕೊನೆಯ ಹಂತದಲ್ಲಿ ಬಂದು ಸೇರಿದವು.

1820ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್, ಪ್ರವಾಹ ಹರಿಯುವ ತಂತಿಯ ಪಕ್ಕದಲ್ಲಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಪ್ರಕಟಿಸಿದ. ಅದೇ ವರ್ಷ ಜರ್ಮನಿಯ ಯೋಹಾನ್ ಶ್ವೈಗರ್, ತಂತಿಯನ್ನು ಹಲವು ಸುತ್ತು ಸುತ್ತಿ ಆ ಪರಿಣಾಮವನ್ನು ಹಿಗ್ಗಿಸಿದ. ಗ್ಯಾಲ್ವನೋಮೀಟರ್ ಹುಟ್ಟಿದ್ದು ಹೀಗೆ. ಆದರೆ ದಿಕ್ಸೂಚಿಯನ್ನು ಆಧರಿಸಿದ ಉಪಕರಣಕ್ಕೆ ಭೂಮಿಯ ಕಾಂತತ್ವವೂ ಸುತ್ತಲಿನ ಕಬ್ಬಿಣವೂ ತೊಡಕಾಗಿದ್ದವು. 1882ರ ಸುಮಾರಿಗೆ ಫ್ರಾನ್ಸಿನ ದಾರ್ಸೊನ್ವಾಲ್ ಮತ್ತು ದೆಪ್ರೆ ಈ ಏರ್ಪಾಡನ್ನು ತಿರುಗಿಸಿ ಇಟ್ಟರು: ಅಯಸ್ಕಾಂತ ಸ್ಥಿರವಾಯಿತು, ಸುರುಳಿ ಚಲಿಸತೊಡಗಿತು. 1888ರಲ್ಲಿ ಅಮೆರಿಕದ ನೆವಾರ್ಕ್ ನಗರದಲ್ಲಿ ಉಪಕರಣಗಳ ಕಂಪನಿ ತೆರೆದ ಎಡ್ವರ್ಡ್ ವೆಸ್ಟನ್ ಇದನ್ನು ಪ್ರಯೋಗಾಲಯದ ಮೇಜಿನಿಂದ ಎತ್ತಿ ಕೈಯಲ್ಲಿ ಹಿಡಿಯುವಂತೆ ಮಾಡಿದ. ಬಲ ಕುಂದದ ಕಾಯಂ ಅಯಸ್ಕಾಂತಗಳು ಮತ್ತು ಉಷ್ಣತೆ ಬದಲಾದರೂ ರೋಧ ಹೆಚ್ಚುಕಡಿಮೆಯಾಗದ ಮ್ಯಾಂಗನಿನ್ ಮಿಶ್ರಲೋಹ ಅವನ ಯಶಸ್ಸಿನ ಆಧಾರಗಳಾಗಿದ್ದವು.

ಮೂರು ಮಾಪನಗಳನ್ನು ಒಂದೇ ಪೆಟ್ಟಿಗೆಗೆ ತಂದ ಕೀರ್ತಿ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿಗೆ ಸಲ್ಲುತ್ತದೆ. ದೂರಸಂಪರ್ಕ ಮಂಡಲಗಳ ದುರಸ್ತಿಗೆ ಹಲವು ಮೀಟರುಗಳನ್ನು ಹೊತ್ತೊಯ್ಯಬೇಕಾಗಿದ್ದ ಪಾಡಿಗೆ ಅವನು ಕಂಡುಕೊಂಡ ಪರಿಹಾರವೇ 1923ರಲ್ಲಿ ಮಾರುಕಟ್ಟೆಗೆ ಬಂದ ಆವೋಮೀಟರ್. ಇಂಥ ಮೀಟರಿನ ಹೊರೆಯನ್ನು ‘ಪ್ರತಿ ವೋಲ್ಟಿಗೆ ಇಷ್ಟು ಓಮ್’ ಎಂದು ಹೇಳುವುದು ರೂಢಿ. ಅದರ ಮಹತ್ವ ಒಂದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. 10 ವೋಲ್ಟ್ ಮೂಲಕ್ಕೆ 100 ಕಿಲೋಓಮಿನ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಂದೊಂದರ ಮೇಲೂ 5 ವೋಲ್ಟ್ ಇರುತ್ತದೆ. ವೋಲ್ಟಿಗೆ 1,000 ಓಮಿನ ಮೀಟರನ್ನು 10 ವೋಲ್ಟ್ ವ್ಯಾಪ್ತಿಯಲ್ಲಿಟ್ಟು ಅಲ್ಲಿ ಹಿಡಿದರೆ ಅದು ತೋರಿಸುವುದು ಸುಮಾರು 0.83 ವೋಲ್ಟ್ ಮಾತ್ರ. ವೋಲ್ಟಿಗೆ 20,000 ಓಮಿನ ಮೀಟರ್ 4 ವೋಲ್ಟ್ ತೋರಿಸುತ್ತದೆ. 10 ಮೆಗಾಓಮಿನ ಡಿಜಿಟಲ್ ಮೀಟರ್ 4.97ರ ಆಸುಪಾಸು ತೋರಿಸುತ್ತದೆ. ಮೂರೂ ಮೀಟರುಗಳು ಕೆಟ್ಟಿಲ್ಲ. ತಮ್ಮ ತುದಿಗಳ ನಡುವೆ ಇರುವ ವೋಲ್ಟೇಜನ್ನೇ ಅವು ಪ್ರಾಮಾಣಿಕವಾಗಿ ಹೇಳುತ್ತಿವೆ. ಆ ವೋಲ್ಟೇಜನ್ನು ಬದಲಿಸಿದ್ದು ಅವುಗಳ ಹಾಜರಿ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಹೊರೆಯ ಸಮಸ್ಯೆಯೇ ಪ್ರಧಾನವಾಗಿದ್ದರೆ ಅದನ್ನು ವಾಲ್ವ್ ವೋಲ್ಟ್‌ಮೀಟರ್ ಮೊದಲೇ ಬಗೆಹರಿಸಿತ್ತಲ್ಲ, ಡಿಜಿಟಲ್ ಮೀಟರಿನ ಹೆಚ್ಚುಗಾರಿಕೆ ಏನು? ನಿರ್ವಾತ ನಳಿಕೆಯ ಆ ಮೀಟರುಗಳಲ್ಲಿ 11 ಮೆಗಾಓಮಿನ ಒಳರೋಧ ಸಾಮಾನ್ಯವಾಗಿತ್ತು, ಫಲಿತವನ್ನು ಮುಳ್ಳೇ ತೋರಿಸುತ್ತಿತ್ತು. ಈ ಆಕ್ಷೇಪ ವಾಸ್ತವವಾಗಿ ಮೇಲಿನ ವಾದವನ್ನೇ ಗಟ್ಟಿಗೊಳಿಸುತ್ತದೆ: ಹೊರೆ ಇಳಿಸುವ ಕೆಲಸ ಅಂಕಿಗಳಿಗಿಂತ ಮೊದಲೇ ಶುರುವಾಗಿತ್ತು. ಆದರೆ ವಾಲ್ವ್ ಮೀಟರಿಗೆ ಸಾಮಾನ್ಯವಾಗಿ ಗೋಡೆಯ ವಿದ್ಯುತ್ ಬೇಕಿತ್ತು, ಬಿಸಿಯಾಗಲು ಸಮಯ ಬೇಕಿತ್ತು, ಅದರ ಸೊನ್ನೆ ಆಗಾಗ ಜಾರುತ್ತಿತ್ತು. ಹೊರೆ ಕಡಿಮೆಯಾದರೂ ಸ್ಥಿರತೆ ಸಿಕ್ಕಿರಲಿಲ್ಲ. ಇವೆರಡನ್ನೂ ಒಟ್ಟಿಗೆ ಕೊಟ್ಟದ್ದೇ ಮುಂದಿನ ತಲೆಮಾರಿನ ಸಾಧನೆ.

ಕ್ಯಾಲಿಫೋರ್ನಿಯಾದ ನಾನ್-ಲೀನಿಯರ್ ಸಿಸ್ಟಮ್ಸ್ ಕಂಪನಿಯ ಆಂಡ್ರ್ಯೂ ಕೇ 1952ರಲ್ಲಿ ಡಿಜಿಟಲ್ ವೋಲ್ಟ್‌ಮೀಟರನ್ನು ರೂಪಿಸಿದ. ಆ ಕಾಲದ ಉಪಕರಣಗಳು ದೊಡ್ಡವು, ದುಬಾರಿ, ಪ್ರಯೋಗಾಲಯಕ್ಕೆ ಮೀಸಲು. ಅವು ಜೇಬಿಗೆ ಇಳಿಯಲು ನೆರವಾದದ್ದು ‘ಇಮ್ಮಡಿ ಇಳಿಜಾರು’ ಎನ್ನಬಹುದಾದ ಪರಿವರ್ತನಾ ವಿಧಾನ. ಅಳೆಯಬೇಕಾದ ವೋಲ್ಟೇಜಿಗೆ ಅನುಗುಣವಾಗಿ ಒಂದು ಕೆಪಾಸಿಟರ್ ನಿಗದಿತ ಕಾಲದವರೆಗೆ ತುಂಬಿಕೊಳ್ಳುತ್ತದೆ; ಅನಂತರ ವಿರುದ್ಧ ಧ್ರುವತೆಯ ಆಧಾರ ವೋಲ್ಟೇಜಿನಿಂದ ಖಾಲಿಯಾಗುತ್ತದೆ. ಖಾಲಿಯಾಗಲು ಹಿಡಿದ ಕಾಲವನ್ನು ಎಣಿಸಿದರೆ ಎರಡು ವೋಲ್ಟೇಜುಗಳ ಅನುಪಾತ ದೊರೆಯುತ್ತದೆ. ತುಂಬುವಾಗಲೂ ಖಾಲಿಯಾಗುವಾಗಲೂ ಅದೇ ಕೆಪಾಸಿಟರ್, ಅದೇ ಗಡಿಯಾರ. ಹಾಗಾಗಿ ಅವುಗಳ ನಿಧಾನ ಏರುಪೇರು ಪರಸ್ಪರ ರದ್ದಾಗುತ್ತದೆ. ತುಂಬುವ ಕಾಲವನ್ನು 20 ಮಿಲಿಸೆಕೆಂಡಿನ ಪೂರ್ಣ ಗುಣಕವಾಗಿ ಆರಿಸಿದರೆ, ನಮ್ಮ 50 ಹರ್ಟ್ಸ್ ವಿದ್ಯುತ್ ಜಾಲದಿಂದ ನುಸುಳುವ ಗದ್ದಲವೂ ಕೂಡಿ ಕಳೆದು ಸೊನ್ನೆಯಾಗುತ್ತದೆ. 1970ರ ದಶಕದಲ್ಲಿ ಈ ವಿಧಾನ ಇಂಟರ್‌ಸಿಲ್ ಕಂಪನಿಯ 7106ರಂಥ ಒಂದೇ ಚಿಪ್ಪಿನೊಳಗೆ ಅಡಕವಾಯಿತು. ದ್ರವಸ್ಫಟಿಕ ಪರದೆ ಮತ್ತು ಬ್ಯಾಟರಿಯೊಡನೆ ಅಂಥ ಮೀಟರ್ ಅಂಗೈಗೆ ಬಂತು. 1977ರಲ್ಲಿ ಬಂದ ಫ್ಲೂಕ್ 8020ಎ, ಕೈಮೀಟರ್ ವೃತ್ತಿಪರರ ನಂಬಿಕೆಗೆ ಅರ್ಹವೆಂದು ತೋರಿಸಿಕೊಟ್ಟಿತು.

ಬಳಕೆದಾರನಿಗೆ ಕಂಡ ಲಾಭ ಅಂಕಿಗಳದೇ ಅಲ್ಲವೇ ಎಂಬುದು ಎರಡನೆಯ ಆಕ್ಷೇಪ. ಓರೆಯಾಗಿ ನೋಡಿ ಮುಳ್ಳನ್ನು ತಪ್ಪಾಗಿ ಓದುವ ದೋಷವನ್ನು ಅಂಕಿಗಳು ತೊಡೆದದ್ದು ನಿಜ. ಆದರೆ ಅವು ಹೊಸದೊಂದು ಭ್ರಮೆಯನ್ನೂ ತಂದವು. 20 ವೋಲ್ಟ್ ವ್ಯಾಪ್ತಿಯಲ್ಲಿ 1999ರವರೆಗೆ ಎಣಿಸುವ ಮೀಟರಿನ ನಿಖರತೆ ‘ಓದಿಕೆಯ ಶೇಕಡಾ 0.5 ಮತ್ತು ಒಂದು ಅಂಕ’ ಎಂದಿದ್ದರೆ, ಪರದೆಯ ಮೇಲಿನ 12.00 ಎಂಬುದಕ್ಕೆ 11.93ರಿಂದ 12.07ರವರೆಗಿನ ಯಾವುದೋ ಬೆಲೆ ಎಂದಷ್ಟೇ ಅರ್ಥ. ಪರ್ಯಾಯ ಪ್ರವಾಹದಲ್ಲಿ ಈ ಭ್ರಮೆ ಇನ್ನೂ ದೊಡ್ಡದು. ಅಗ್ಗದ ಮೀಟರುಗಳು ತರಂಗದ ಸರಾಸರಿಯನ್ನು ಅಳೆದು, ಅದು ಶುದ್ಧ ಸೈನ್ ತರಂಗವೆಂದು ಭಾವಿಸಿ ಸುಮಾರು 1.11ರಿಂದ ಗುಣಿಸಿ ತೋರಿಸುತ್ತವೆ. ಚೌಕ ತರಂಗ ಕೊಡುವ ಇನ್ವರ್ಟರಿನ ಮುಂದೆ ಅವುಗಳ ಓದಿಕೆ ಶೇಕಡಾ 11ರಷ್ಟು ಹೆಚ್ಚಾಗುತ್ತದೆ. ನಿಜವಾದ ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಬೆಲೆಯನ್ನು ಅಳೆಯುವ ಮೀಟರಿಗೆ ಮಾತ್ರ ಈ ತೊಂದರೆಯಿಲ್ಲ. ಎರಡೂ ಮೀಟರುಗಳ ಪರದೆಯಲ್ಲಿ ಅಂಕಿಗಳು ಅಷ್ಟೇ ಇರಬಹುದು. ಸತ್ಯ ಅಷ್ಟೇ ಇರುವುದಿಲ್ಲ.

ಹೊರೆ ಕಡಿಮೆಯಾದಷ್ಟೂ ಒಳ್ಳೆಯದೇ ಎಂಬ ಪ್ರಶ್ನೆ ಮೂರನೆಯದು, ಮತ್ತು ಎಲ್ಲಕ್ಕಿಂತ ಗಂಭೀರವಾದುದು. ಒಂದೇ ಕೊಳವೆಯಲ್ಲಿ ಹಾದುಹೋಗುವ ತಂತಿಗಳ ನಡುವೆ ಅಲ್ಪ ಧಾರಕತೆ ಇರುತ್ತದೆ. ಫೇಸ್ ತಂತಿಯ ಪಕ್ಕದಲ್ಲಿ ಎರಡೂ ತುದಿ ಬಿಚ್ಚಿಕೊಂಡಿರುವ ತಂತಿಗೆ 10 ಮೆಗಾಓಮಿನ ಮೀಟರ್ ಹಿಡಿದರೆ, ಪರದೆಯಲ್ಲಿ ಹತ್ತಾರು ವೋಲ್ಟ್ ಕಾಣಿಸಿಕೊಳ್ಳುತ್ತದೆ. ಹಳೆಯ ಮುಳ್ಳಿನ ಮೀಟರ್ ತನ್ನ ಹೊರೆಯಿಂದಲೇ ಈ ಹುಸಿ ವೋಲ್ಟೇಜನ್ನು ಅಡಗಿಸುತ್ತಿತ್ತು. ಅದಕ್ಕಾಗಿಯೇ ಈಗಿನ ಕೆಲವು ಮೀಟರುಗಳಲ್ಲಿ ಬೇಕೆಂದೇ ಒಳರೋಧ ತಗ್ಗಿಸುವ ವ್ಯವಸ್ಥೆಯಿದೆ. ಇದರಿಂದ ಮೂಲ ವಾದ ಸುಳ್ಳಾಗುವುದಿಲ್ಲ, ತಿದ್ದುಪಡಿಯಾಗುತ್ತದೆ: ಗುರಿ ಹೊರೆಯನ್ನು ಕುರುಡಾಗಿ ಇಳಿಸುವುದಲ್ಲ, ಅದನ್ನು ಅರಿತು ಆರಿಸಿಕೊಳ್ಳುವುದು.

ಪ್ರವಾಹದ ಮಾಪನದಲ್ಲಿ ಈ ಅರಿವು ಸುರಕ್ಷತೆಯ ಪ್ರಶ್ನೆಯೂ ಹೌದು. ಪ್ರವಾಹವನ್ನು ಅಳೆಯಲು ಮೀಟರನ್ನು ಸರಣಿಯಲ್ಲಿ ಸೇರಿಸಬೇಕು. ಆಗ ಅದರ ರೋಧ ಆದಷ್ಟು ಕಡಿಮೆಯಿರಬೇಕು. ಪ್ರೋಬನ್ನು ಆಂಪಿಯರ್ ತೂತಿನಲ್ಲೇ ಮರೆತು 230 ವೋಲ್ಟಿನ ಫೇಸ್ ಮತ್ತು ನ್ಯೂಟ್ರಲ್ ನಡುವೆ ಇಟ್ಟರೆ ಅದು ನೇರ ಶಾರ್ಟ್ ಸರ್ಕ್ಯೂಟ್. ಭಾರೀ ಪ್ರವಾಹವನ್ನು ಕಡಿಯಬಲ್ಲ ಫ್ಯೂಸನ್ನು ಒಳ್ಳೆಯ ಮೀಟರುಗಳಲ್ಲಿ ಅಳವಡಿಸುವುದು ಇದಕ್ಕಾಗಿ. ಐಇಸಿ 61010 ಮಾನಕ ಮಾಪನ ಸ್ಥಳಗಳನ್ನು ವರ್ಗೀಕರಿಸಿ ಮೀಟರುಗಳಿಗೆ ಕ್ಯಾಟ್ 3, ಕ್ಯಾಟ್ 4 ಎಂಬಂಥ ದರ್ಜೆ ಕೊಡುವುದೂ ಇದೇ ಕಾರಣಕ್ಕೆ. ವಿದ್ಯುತ್ ಸರಬರಾಜಿನ ಮೂಲಕ್ಕೆ ಹತ್ತಿರವಾದಷ್ಟೂ ದೋಷದ ಪ್ರವಾಹ ಬಲವಾಗಿರುತ್ತದೆ.

ಇಂದು ವೋಲ್ಟಿನ ಆಧಾರ ಅತ್ಯಂತ ಭದ್ರವಾಗಿದೆ. 1990ರಿಂದ ಜೋಸೆಫ್ಸನ್ ಪರಿಣಾಮದ ಮೂಲಕ ಅದನ್ನು ಆವರ್ತನದೊಡನೆ ಬೆಸೆಯಲಾಗಿದೆ. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ಆವೇಶಗಳ ನಿಗದಿತ ಬೆಲೆಗಳೇ ಅದರ ಬುನಾದಿ. ಭಾರತದಲ್ಲಿ ರಾಷ್ಟ್ರೀಯ ಮಾನಕಗಳನ್ನು ಕಾಯುವ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಮೀಟರನ್ನು ಆ ಮಾನಕಗಳ ಸರಪಳಿಗೆ ಜೋಡಿಸಿ ಸರಿಹೊಂದಿಸಿದರೆ ಅದರ ಒಳಗಿನ ತಪ್ಪು ಎಷ್ಟೆಂದು ತಿಳಿಯುತ್ತದೆ. ಆದರೆ ಮೀಟರ್ ಮತ್ತು ಮಂಡಲ ಕೂಡಿದಾಗ ಹುಟ್ಟುವ ತಪ್ಪನ್ನು ಯಾವ ಪ್ರಮಾಣಪತ್ರವೂ ಹೇಳಲಾರದು. ಆದ್ದರಿಂದ ಅಳೆದ ಅಂಕಿಯ ಜೊತೆಗೆ ಮೀಟರಿನ ವ್ಯಾಪ್ತಿ, ಒಳರೋಧ ಮತ್ತು ಅಳೆದ ವಿಧಾನವನ್ನೂ ದಾಖಲಿಸುವುದು ತಾಂತ್ರಿಕ ಶಿಕ್ಷಣದ ಮೊದಲ ಪಾಠವಾಗಬೇಕು. ಅವಿಲ್ಲದ ಅಂಕಿಯನ್ನು ಇನ್ನೊಬ್ಬರು ಪರೀಕ್ಷಿಸಿ ನೋಡಲಾಗುವುದಿಲ್ಲ.